ಅರ್ಧ ಅಂಜಲ್ ಮೀನಿನ ಬಗ್ಗೆ ಒಲಿಂಡಾ ಪಾಯ್ಸ್ ಬರೆಸಿದ್ದು

ನನ್ನ ಹೆಸರು ಒಲಿಂಡಾ ಪಾಯ್ಸ್, ಗಂಡ ಫ್ಲಾಯ್ಡ್ ಪಾಯ್ಸ್, ವಯಸ್ಸು 37, ಮನೆವಾರ್ತೆ ಕೆಲಸ. ಊರು ಉಡುಪಿ ಹತ್ತಿರದ ಕಲ್ಯಾಣಪುರ. ಸದ್ಯದ ವಾಸ ದುಬೈ ಕ್ರೀಕ್ ಎಂಬ ಹಿನ್ನೀರಿನ ದಂಡೆಯಲ್ಲಿ ಚಕ್ರದ ಮನೆಗಳನ್ನು ನಿಲ್ಲಿಸುವ ಕ್ಯಾರವಾನ್ ಪಾರ್ಕ್, ಕ್ಯಾರವಾನ್ ನಂಬರ್ 11. ಪೊಲೀಸ್ ಠಾಣೆಯಲ್ಲಿ ದುಭಾಷಿಯ ಎದುರು ಕನ್ನಡದಲ್ಲಿ ಬರೆಸುತ್ತಾ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಅಲ್ ಕೂಜ್‌ನ ಒಂದು ಕಂಪನಿಯಲ್ಲಿ ಒಂಬತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದರು. ಕಂಪನಿ ಕೊಟ್ಟ ಫ್ಲ್ಯಾಟ್‌ನಲ್ಲಿ ನಾವಿಬ್ಬರು ಮತ್ತು ಮಗಳು ಶಾರನ್, ವಯಸ್ಸು 9, ವಾಸವಿದ್ದೆವು. ದಿನಾಂಕ 28-6-2002ರ ಶುಕ್ರವಾರ, ಫ್ಲ್ಯಾಟ್ ರಿಪೇರಿಗೆ ಇದೆ, ತಮಗೂ ರಜೆ ಸಿಕ್ಕಿದೆ, ಸ್ನೇಹಿತ ಸ್ಟೀಫನ್ ಊರಿಗೆ ಹೋಗಿರುವುದರಿಂದ ಅವನ ಕ್ಯಾರವಾನ್‌ನಲ್ಲಿ ಬೇಸಿಗೆ ಕಳೆಯೋಣ ಎಂದು ಹೇಳಿ ನಮ್ಮನ್ನು ಇಲ್ಲಿಗೆ ಕರೆತಂದರು. ನಲವತ್ತನಾಲ್ಕು ಡಿಗ್ರಿ ಬಿಸಿಲಿನಲ್ಲಿ ತಗಡಿನ ಡಬ್ಬಿಯೊಳಗೆ ಯಾರೂ ರಜೆ ಕಳೆಯುವುದಿಲ್ಲ. ನನಗೆ ಆ ದಿನವೇ ಸಂಶಯ ಬಂತು. ಆದರೆ ನೀರು ಕಂಡು ಮಗಳು ಕುಣಿದಾಡಿದ್ದರಿಂದ ಬಾಯಿ ಮುಚ್ಚಿಕೊಂಡೆ.

ಮರುದಿನದಿಂದ ಅವರು ಬೆಳಿಗ್ಗೆ 4.30ಕ್ಕೆ ಗಾಳದ ಕೋಲು ಹಿಡಿದು, ಕ್ರೀಕ್‌ನಲ್ಲಿ ಮೀನು ಹಿಡಿಯುತ್ತೇನೆಂದು ಹೋಗುತ್ತಿದ್ದರು. 11 ಗಂಟೆಗೆ ಮೀನಿನ ಚೀಲದೊಂದಿಗೆ ಬರುತ್ತಿದ್ದರು. ಒಳಗೆ ಬರುವ ಮೊದಲು ನಲವತ್ತು ಅಡಿ ದೂರದ ಪಾರ್ಕಿನ ಬಚ್ಚಲಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಹಾಕಿದ ಬಟ್ಟೆಯನ್ನೂ ಒಗೆದುಕೊಂಡು ಬರುತ್ತಿದ್ದರು. ಹದಿಮೂರು ವರ್ಷದ ಸಂಸಾರದಲ್ಲಿ ಒಂದು ಬನಿಯನ್ ಒಗೆದವರಲ್ಲ. ಇದು ಬೇರೆ ಹೆಂಗಸಿನ ಸಹವಾಸವೇ ಎಂದು ನಾನು ತೀರ್ಮಾನಿಸಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು.

ಜುಲೈ 3ರಂದು ಬಂಗುಡೆ ತಂದರು. ನಾನು ಮೀನು ನೋಡುತ್ತಲೇ ಬೆಳೆದವಳು. ಆ ಬಂಗುಡೆಯ ಕಣ್ಣು ಒಳಗೆ ಹೋಗಿತ್ತು. ಕಡಿಮೆ ಎಂದರೂ ಎರಡು ದಿನ ಐಸಿನಲ್ಲಿದ್ದ ಮೀನು. 5ರಂದು ಗಾಳದ ದಾರಕ್ಕೆ ಮಗಳ ಕೂದಲಿನ ಕ್ಲಿಪ್ ಸಿಕ್ಕಿಸಿ ಕಳಿಸಿದೆ. ಅದು ಇದ್ದಲ್ಲೇ ಇದ್ದು ವಾಪಸು ಬಂತು. 8ರಂದು ಅರ್ಧ ಅಂಜಲ್ ತಂದರು. ಹೊಟ್ಟೆ ತೆಗೆದು, ತೊಳೆದು, ನೇರ ಕತ್ತರಿಸಿದ್ದು. ಯಾವ ಗಾಳಕ್ಕೆ ಅರ್ಧ ಮೀನು ಬೀಳುತ್ತದೆ ಎಂದು ಕೇಳಿದೆ. ಉಳಿದರ್ಧ ಸ್ನೇಹಿತನಿಗೆ ಕೊಟ್ಟೆ ಎಂದರು. ಯಾವ ಸ್ನೇಹಿತ ಎಂದದ್ದಕ್ಕೆ ಗಾಳದ ಕೋಲು ಒರೆಸತೊಡಗಿದರು. ಅಂದಿನಿಂದ ನಾನು ಮಾತು ಬಿಟ್ಟೆ. ಸಾರು ಮಾತ್ರ ಮಾಡಿ ಬಡಿಸಿದೆ.

ಇಂದು, ದಿನಾಂಕ 10-7-2002, ಅವರು 1 ಗಂಟೆಯಾದರೂ ಬರಲಿಲ್ಲ. ಮೊಬೈಲ್ ಬಂದ್ ಇತ್ತು. ಆಗ ಸಂಶಯವೆಲ್ಲ ಹಾರಿಹೋಗಿ, ನೀರಿಗೆ ಬಿದ್ದರೋ ಏನೋ ಎಂದು ಹೆದರಿಕೆಯಾಯಿತು. ಮಗಳ ಕೈಹಿಡಿದು ಏಳುನೂರು ಮೀಟರ್ ನಡೆದು, 1.20ಕ್ಕೆ ಈ ಠಾಣೆಗೆ ಬಂದು ಗಂಡ ಕಾಣೆಯಾಗಿದ್ದಾರೆಂದು ದೂರು ಕೊಟ್ಟೆ. ನಾವು ರಜೆಗೆ ಬಂದಿದ್ದೇವೆ ಎಂದು ಮಗಳು ಪೊಲೀಸರಿಗೆ ಇಂಗ್ಲಿಷಿನಲ್ಲಿ ಹೇಳಿದಳು. 2.10ಕ್ಕೆ ಪೊಲೀಸರು ಕಂಪನಿಗೆ ಫೋನ್ ಮಾಡಿದರು. ಮೇ 25ರಂದೇ ಅವರನ್ನು ಕೆಲಸದಿಂದ ತೆಗೆದು ವೀಸಾ ರದ್ದು ಮಾಡಲಾಗಿದೆ, ಫ್ಲ್ಯಾಟನ್ನೂ ವಾಪಸು ಪಡೆಯಲಾಗಿದೆ ಎಂದು ಉತ್ತರ ಬಂತು. ನನ್ನ ಮತ್ತು ಮಗಳ ವೀಸಾ ನಿಂತಿದ್ದು ಅವರ ವೀಸಾದ ಮೇಲೆಯೇ.

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಅರ್ಧ ಅಂಜಲಿನ ವಿಷಯವನ್ನೂ, ಅದನ್ನು ಕತ್ತರಿಸಿದ್ದ ರೀತಿಯನ್ನೂ ಬಾಯಿಬಿಟ್ಟು ಹೇಳಿದೆ. ಅದು ಮಾರುಕಟ್ಟೆಯಲ್ಲಿ ಕತ್ತರಿಸಿದ ಮೀನೇ ಎಂದು ಹೇಳಿ ಪೊಲೀಸರು 2.25ಕ್ಕೆ ನಮ್ಮನ್ನು ಜೀಪಿನಲ್ಲಿ ಕೂರಿಸಿಕೊಂಡು ದೇರಾ ಮೀನು ಮಾರುಕಟ್ಟೆಗೆ ಹೊರಟರು. ಅಲ್ಲಿ ಮೀನು ಕತ್ತರಿಸುವವರ ಸಾಲಿನಲ್ಲಿ ಆರನೆಯವರಾಗಿ ನನ್ನ ಗಂಡ ರಬ್ಬರ್ ಬೂಟು ಹಾಕಿ ನಿಂತಿದ್ದರು. ಮೊಣಕೈವರೆಗೆ ರಕ್ತ, ಚಿಪ್ಪು ಅಂಟಿತ್ತು. ಇವರು ನಿಮ್ಮ ಗಂಡನೇ ಎಂದು ಪೊಲೀಸರು ಕೇಳಿದರು. ವೀಸಾ ಇಲ್ಲದೆ ದುಡಿದು ಸಿಕ್ಕಿಬಿದ್ದರೆ ಏನಾಗುತ್ತದೆಂದು ಇಲ್ಲಿ ಎಲ್ಲರಿಗೂ ಗೊತ್ತು. ಮಗಳ ಬಾಯಿಗೆ ಕೈ ಅಡ್ಡ ಹಿಡಿದು, ಅಲ್ಲ ಎಂದೆ. ಅವರು ಚೂರಿ ಕೆಳಗಿಟ್ಟು ಹೀಗೆ ಹೇಳಿದರು:

“ಅವಳು ನನ್ನ ಹೆಂಡತಿಯೇ. ಅವಳಿಗೆ ಎಂತದೂ ಗೊತ್ತಿಲ್ಲ, ಅವಳನ್ನು ಬಿಡಿ.”

ಆದ್ದರಿಂದ ಮಾರುಕಟ್ಟೆಯಲ್ಲಿ ನಾನು ಹೇಳಿದ್ದು ಸುಳ್ಳು ಎಂದು ಒಪ್ಪುತ್ತೇನೆ. ಬೇರೆ ಹೆಂಗಸು ಯಾರೂ ಇಲ್ಲ. ಮಾತು ಬಿಟ್ಟದ್ದಕ್ಕೆ ನನಗೆ ನಾಚಿಕೆಯಾಗಿದೆ, ಇದನ್ನೂ ಬರೆದುಕೊಳ್ಳಬೇಕು. ಊರಿಗೆ ಕಳಿಸುವುದಾದರೆ ಮೂವರನ್ನೂ ಒಂದೇ ವಿಮಾನದಲ್ಲಿ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂದು ತಡವಾದದ್ದೇಕೆ ಎಂದು ಅವರನ್ನು ಕೇಳಲಾಗಿ, ನಾಳೆ ಗುರುವಾರದಿಂದ ಇಲ್ಲಿ ವಾರದ ರಜೆಯಾದ್ದರಿಂದ ಗಿರಾಕಿಗಳು ಹೆಚ್ಚಿದ್ದರು, ಮೊಬೈಲ್ ಚಾರ್ಜ್ ಮುಗಿದಿತ್ತು, 3 ಗಂಟೆಗೆ ಹೊರಡುವವನಿದ್ದೆ ಎಂದು ತಿಳಿಸಿದರು. ನಾವು ಪೊಲೀಸರೊಂದಿಗೆ ಅಲ್ಲಿ ಇಳಿದದ್ದು 2.50ಕ್ಕೆ.

ಇದನ್ನು ದುಭಾಷಿ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಬರೆದಿದೆ, ಎಲ್ಲವೂ ನಿಜ, ಯಾರ ಒತ್ತಾಯವೂ ಇಲ್ಲ.

ಸ್ಥಳ: ದುಬೈ
ದಿನಾಂಕ: 10-7-2002, ಸಂಜೆ 5.40
ಸಹಿ: ಒಲಿಂಡಾ ಪಾಯ್ಸ್