ಸದ್ದಿಲ್ಲದೆ ಬಂದ ಸಾಹುಕಾರ

ಶರಣ ಬಂಧುಗಳೇ, ತಾಯಂದಿರೇ,

ಭಯವೇ ಬೇರೆ, ಭಕ್ತಿಯೇ ಬೇರೆ ಎಂದು ಇಷ್ಟು ಹೊತ್ತು ಹೇಳಿದೆ. ನೀವೆಲ್ಲ ತಲೆದೂಗಿದಿರಿ. ತಲೆದೂಗುವುದು ಕಷ್ಟವಲ್ಲ, ಮನೆಯ ತಿರುವು ಮುಟ್ಟುವ ಹೊತ್ತಿಗೆ ಅದು ಮರೆತುಹೋಗಿರುತ್ತದೆ. ಮರೆಯದಿರಲಿ ಎಂದು ಒಬ್ಬ ಸಾಹುಕಾರನ ಸಂಗತಿ ಹೇಳುತ್ತೇನೆ. ಅವನ ಹೆಸರು ಕೇಳಬೇಡಿ, ಊರು ಕೇಳಬೇಡಿ. ಹೆಸರು ಹೇಳಿದರೆ ಅದು ಅವನ ಕಥೆಯಾಗಿಬಿಡುತ್ತದೆ. ನೀವು ಆರಾಮಾಗಿ ಕಂಬಕ್ಕೆ ಒರಗಿ ಕೂತುಬಿಡುತ್ತೀರಿ.

ಮೆಣಸಿನಕಾಯಿಯ ದಲಾಲಿ ಅಂಗಡಿ ಅವನದು. ಅಂಗಡಿಯಲ್ಲಿ ಆಳೆತ್ತರದ ಚೀಲಗಳು, ಮನೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಏನು ಕಡಿಮೆ? ಏನೂ ಇಲ್ಲ. ಅವನಿಗೊಂದು ಹಳೆಯ ಡೀಸೆಲ್ ಜೀಪು ಇತ್ತು. ಅದರ ಸದ್ದು ಹೇಗೆಂದರೆ, ಊರ ಅಗಸೆ ಬಾಗಿಲ ಹತ್ತಿರ ಬರುವಾಗಲೇ ಅಂಗಡಿಯ ಹಮಾಲರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಮನೆಯ ಓಣಿಗೆ ತಿರುಗಿದರೆ ಮನೆಯೊಳಗೆ ಪಿಟ್ಟೆನ್ನುತ್ತಿರಲಿಲ್ಲ. ಸಾಹುಕಾರ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ: "ನಮ್ಮ ಮನೀ ನೋಡ್ರಿ, ಗುಡಿ ಇದ್ದಂಗೈತಿ. ಒಂದು ದನಿ ಮ್ಯಾಲೇಳಂಗಿಲ್ಲ."

ಗುಡಿ ಇದ್ದ ಹಾಗೆ ಇತ್ತಂತೆ! ಇರಲಿ, ಮುಂದೆ ಕೇಳಿ.

ಅವನ ಹೆಂಡತಿ ಲಿಂಗೈಕ್ಯಳಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಎರಡು ದಿನ ಜ್ವರ ಎಂದು ಮಲಗಿದವಳು ಮೂರನೆಯ ದಿನ ಏಳಲಿಲ್ಲ. ಸಾಹುಕಾರನಿಗೆ ಆ ದುಃಖ ಹೊರಗೆ ಹಾಕಲು ಬರುತ್ತಿರಲಿಲ್ಲ. ಸಂಜೆ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಹಿಡಿದರೆ ಅವಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಬಂದಾಗಲೆಲ್ಲ ಮೂಗಿನಿಂದ ಕೆಳಗೆ ಸೆರಗು ಮುಚ್ಚಿಕೊಂಡೇ ಬರುತ್ತಿತ್ತು. ಅವಳಿದ್ದಾಗ ಸಂಜೆ ಅವನು ಜೀಪಿನಿಂದ ಇಳಿದರೆ ಅವಳು ಬಾಯಿಗೆ ಸೆರಗು ಹಿಡಿದು, ಅವನ ಕೈಯ ಚೀಲ ಇಸಿದುಕೊಂಡು, ಬೇಗ ಬೇಗ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಮೈತುಂಬ ಮೆಣಸಿನಕಾಯಿ ಘಾಟು ಹೊತ್ತು ಬರುತ್ತೇನಲ್ಲ, ಪಾಪ, ಅವಳಿಗೆ ತಡೆಯುವುದಿಲ್ಲ ಎಂದು ಅವನು ತಿಳಿದಿದ್ದ. ನೋಡಿ, ಒಂದು ಜೀವಮಾನ ಹಾಗೇ ತಿಳಿದಿದ್ದ. ಒಂದು ದಿನವೂ ಕೇಳಿರಲಿಲ್ಲ.

ಅವಳು ಹೋದ ಮೇಲೆ ಮನೆಯ ಮೌನ ಅವನ ಎದೆಯ ಮೇಲೆ ಚೀಲ ಇಟ್ಟ ಹಾಗೆ ಕೂತಿತು. ಸೊಸೆ ತಾಟು ಇಟ್ಟು ಗೋಡೆಯ ಮರೆಗೆ ಸರಿಯುತ್ತಿದ್ದಳು. ಮೊಮ್ಮಕ್ಕಳು ಪುಸ್ತಕದೊಳಗೆ ಮುಖ ಇಟ್ಟಿರುತ್ತಿದ್ದರು. ಇವರಿಗೂ ಅವಳ ದುಃಖ ಆರಿಲ್ಲ, ಅದಕ್ಕೇ ಮನೆ ಹೀಗೆ ಮೂಕವಾಗಿದೆ ಎಂದುಕೊಂಡ. ಹೇಗಾದರೂ ಮಾಡಿ ಈ ಮನೆಯಲ್ಲಿ ಒಮ್ಮೆ ನಗು ಕೇಳಬೇಕು ಎಂಬುದೊಂದೇ ಅವನ ಹಂಬಲವಾಯಿತು. ಮಗ ಬಹಳ ದಿನದಿಂದ ಕರೆಂಟಿನ ಕಾರು ತರೋಣ ಎನ್ನುತ್ತಿದ್ದ. ತಂದರೆ ಮಕ್ಕಳಾದರೂ ನಕ್ಕಾವು ಎಂದು ಒಂದು ಮಧ್ಯಾಹ್ನ ಮಗನನ್ನು ಅಂಗಡಿಯಲ್ಲಿ ಕೂಡಿಸಿ ತಾನೇ ಶೋರೂಮಿಗೆ ಹೋದ.

ಅಲ್ಲಿ ಕಾರು ತೋರಿಸುವ ಕೆಲಸದಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ಬಾಯಿಬಡಕಿ, ಆದರೆ ಒಳ್ಳೆಯವಳು. ಸಾಹುಕಾರನನ್ನು ಸ್ಟೇರಿಂಗಿನ ಮುಂದೆ ಕೂಡಿಸಿ ತಾನು ಪಕ್ಕದಲ್ಲಿ ಕೂತಳು.

"ಈ ಗುಂಡಿ ಒತ್ರಿ ಸಾವ್ಕಾರ್ರ."

ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ.

"ಅಯ್ಯ, ಬಂದ್ ಮಾಡಿದ್ರಲ್ರಿ! ಚಾಲೂ ಆಗಿತ್ತು."

"ಚಾಲೂ ಆಗಿತ್ತಾ? ಉಸರs ಇಲ್ಲಲ್ಲ ತಂಗಿ ಇದಕ್ಕ."

"ಇದರ ಉಸರು ಕೇಳಂಗಿಲ್ರಿ. ಈ ತಿರುಗಣಿ ಡಿ ಮ್ಯಾಲೆ ಹಾಕಿ ಮೆಲ್ಲಕ ಕಾಲಿಡ್ರಿ. ಬಿಟ್ರ ತಾನs ನಿಧಾನ ಆಕ್ಕತಿ."

ಅವನ ಎಡಗಾಲು ಕ್ಲಚ್ಚು ಹುಡುಕಿತು, ಸಿಗಲಿಲ್ಲ. ಎಡಗೈ ಗೇರು ಹುಡುಕಿ ಆ ಹೆಣ್ಣುಮಗಳ ಬ್ಯಾಗಿನ ಹಿಡಿಕೆ ಹಿಡಿದು ಎಳೆಯಿತು. ಅವಳು ನಕ್ಕು, "ಅದು ನನ್ನ ಊಟದ ಡಬ್ಬೀರಿ, ಅದನ್ನ ಎಷ್ಟು ಎಳದ್ರೂ ಗಾಡಿ ಓಡಂಗಿಲ್ಲ" ಎಂದಳು. ಕಾರು ಹೊರಟಿತು. ನೀರಿನಲ್ಲಿ ದೋಣಿ ಬಿಟ್ಟ ಹಾಗೆ ಹೊರಟಿತು.

ಸಾಹುಕಾರನಿಗೆ ಮೊದಲು ನಾಚಿಕೆಯಾಯಿತು. ಪೇಟೆಯಲ್ಲಿ ಯಾರೂ ದಾರಿ ಬಿಡಲಿಲ್ಲ. ಹೂ ಮಾರುವವಳು ಬುಟ್ಟಿ ಸರಿಸಲಿಲ್ಲ. ಆದರೆ ಅವನಿಗೆ ಎಂದೂ ಕೇಳದ್ದೆಲ್ಲ ಕೇಳತೊಡಗಿತು. ದರ್ಜಿಯ ಮಷೀನು ಕೇಳಿತು, ಬಾವಿಯ ಗಡಗಡೆ ಕೇಳಿತು. ತನ್ನ ಅಂಗಡಿಯ ಮುಂದೆ ಹಾಯುವಾಗ ಹಮಾಲನೊಬ್ಬನ ದನಿ ಕೇಳಿತು: "ಕುಂಡ್ರಲೇ, ಚಾ ಕುಡಿ. ಗುಡುಗು ಇನ್ನೂ ದೂರ ಐತಿ." ಉಳಿದವರು ಹೋ ಎಂದು ನಕ್ಕರು. ಯಾವ ಗುಡುಗು? ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಸಾಹುಕಾರನ ಕಿವಿ ಬೆಚ್ಚಗಾಯಿತು. ಪಕ್ಕದವಳು ಕೇಳಿಯೂ ಕೇಳದವಳಂತೆ ಬ್ಯಾಟರಿಯ ವಿಷಯ ಹೇಳತೊಡಗಿದಳು.

ಅವನ ಮನೆತನದಲ್ಲಿ ಒಂದು ಪದ್ಧತಿ. ಎತ್ತು ಕೊಳ್ಳುವ ಮೊದಲು ಅದನ್ನು ಒಮ್ಮೆ ಮನೆಯ ಮುಂದೆ ತಂದು ನಿಲ್ಲಿಸುವುದು. ಬಾಗಿಲಿಗೆ ಒಗ್ಗಿ ನಿಂತರೆ ಸರಿ, ಕಾಲು ಕೆದರಿದರೆ ಹಿಂದಕ್ಕೆ ಕೊಟ್ಟುಬಿಡುವುದು. ಅವನ ಅಪ್ಪ ಎತ್ತನ್ನು ಹಾಗೆ ನೋಡಿ ತಂದಿದ್ದ, ಇವನು ಜೀಪನ್ನು ಹಾಗೆ ನೋಡಿ ತಂದಿದ್ದ. "ತಂಗಿ, ಮನೀ ಮುಂದ ಒಮ್ಮೆ ನಿಂದರಿಸಿ ನೋಡ್ತೀನಿ" ಎಂದ. ಅವಳು, "ನೋಡ್ರಿ, ನೋಡ್ರಿ. ಒದಿಯಂಗಿಲ್ಲ ಇದು" ಎಂದಳು.

ಓಣಿಗೆ ತಿರುಗಿದ. ಮನೆಯ ಗೋಡೆಗೆ ಹತ್ತಿರವಾಗಿ, ಅಡುಗೆಮನೆಯ ಕಿಟಕಿಯ ಕೆಳಗೆ ಕಾರು ನಿಲ್ಲಿಸಿದ. ಗಾಜು ಇಳಿದೇ ಇತ್ತು.

ಯಾರೋ ನಗುತ್ತಿದ್ದರು.

ನೆರೆಮನೆಯವರು ಎಂದುಕೊಂಡ. ಏಕೆಂದರೆ, ನೋಡಿ, ಆ ನಗು ಅವನಿಗೆ ಗುರುತೇ ಇರಲಿಲ್ಲ! ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಗುವ ನಗು. ಆಮೇಲೆ ಮೊಮ್ಮಗನ ದನಿ ಬಂತು: "ಗುಡುಗುಡುಗುಡುಗುಡು… ಜೀಪ್ ಬಂತೂ!" ಆಮೇಲೆ ಸೊಸೆಯ ದನಿ. ಅವನ ಎದುರಿಗೆ "ಊಟಕ್ಕ ಬರ್ರಿ" ಎಂಬುದಕ್ಕಿಂತ ಹೆಚ್ಚಿಗೆ ಆಡದ ಸೊಸೆ, ದನಿಯನ್ನು ಮುದುಕಿಯ ಹಾಗೆ ಎಳೆದು ಹೇಳುತ್ತಿದ್ದಳು: "ಅಯ್ಯ ನನ ಮಕ್ಕಳ್ರ್ಯಾ, ಬಂತು ಬಂತು! ಎಲ್ಲಾರೂ ಕಲ್ಲಬಸವಣ್ಣ ಆಗ್ರಿ! ಕಣ್ಣ ಪಿಳಕಸಬ್ಯಾಡ್ರಿ!"

ಸಾಹುಕಾರನ ಕೈ ಸ್ಟೇರಿಂಗಿನ ಮೇಲೆಯೇ ನಿಂತಿತು. ಅದು ಅವನ ಹೆಂಡತಿಯ ದನಿ. ಮಣ್ಣಿಗಿಟ್ಟು ಬಂದ ಹೆಂಡತಿಯ ದನಿ ಅದೇ ಎಳೆತದಲ್ಲಿ ಬರುತ್ತಿತ್ತು. ಆದರೆ ಈ ಮಾತು? ಈ ಮಾತನ್ನು ಅವಳು ಅವನ ಮುಂದೆ ಎಂದೂ ಆಡಿರಲಿಲ್ಲ.

ಒಳಗೆ ಒಂದು ಗಳಿಗೆ ನಿಶ್ಶಬ್ದ. ಆಮೇಲೆ ಯಾರೋ ಪುಸಕ್ಕನೆ ನಕ್ಕರು. ಮೊಮ್ಮಗಳು ಕೂಗಿದಳು: "ಅಜ್ಜಿ ಔಟ್! ಅವ್ವಾ, ನೀ ಅಜ್ಜಿ ಆದ್ರ ಮೊದಲ ನೀನs ಔಟ್ ಆಗಬೇಕು. ಖರೇ ಅಜ್ಜೀನೂ ಹಂಗs ಆಗ್ತಿದ್ಲು. ಸೆರಗ ಬಾಯಾಗ ತುರುಕ್ಯಂಡು ಅಡಿಗಿಮನೀಗ ಓಡಬೇಕು, ಓಡು!"

ಬಂಧುಗಳೇ, ಅವನಿಗೆ ಅರ್ಥವಾಯಿತು. ಸೆರಗು ಘಾಟಿಗಲ್ಲ. ಸೆರಗಿನ ಹಿಂದೆ ಅವಳು ನಗುತ್ತಿದ್ದಳು. ಅವನು ಬರುವ ಸದ್ದಿಗೆ ಮಕ್ಕಳು ಹೆದರಬಾರದೆಂದು, ಆ ಹೆದರಿಕೆಯನ್ನೇ ಆಟ ಮಾಡಿ ಕೊಟ್ಟಿದ್ದಳು. ಜೀಪು ಬಂದರೆ ಕಲ್ಲಾಗಬೇಕು, ಮೊದಲು ನಕ್ಕವರು ಸೋತ ಹಾಗೆ. ಅವಳೇ ದಿನಾಲೂ ಸೋಲುತ್ತಿದ್ದಳು. ಸೋತು, ನಗುವನ್ನು ಬಾಯಲ್ಲೇ ಅದುಮಿಕೊಂಡು, ಅವನ ಚೀಲ ಇಸಿದುಕೊಂಡು ಒಳಗೆ ಓಡುತ್ತಿದ್ದಳು. ದುಃಖಕ್ಕೆ ಮೂಕವಾದ ಮನೆ ಎಂದುಕೊಂಡಿದ್ದನಲ್ಲ, ಆ ಮನೆ ಮೂಕವಾಗಿಯೇ ಇರಲಿಲ್ಲ. ಅವನಿಗೆ ಮಾತ್ರ ಮೂಕವಾಗಿತ್ತು.

ಅವನ ಗಡ್ಡ ಒದ್ದೆಯಾಯಿತು. ಪಕ್ಕದ ಹೆಣ್ಣುಮಗಳು ಬ್ಯಾಟರಿಯ ಮಾತು ನಿಲ್ಲಿಸಿ ಆ ಕಡೆ ಮುಖ ತಿರುಗಿಸಿ ಕೂತಳು.

ಆ ನಗುವನ್ನು ಕೆಡಿಸಬಾರದು ಎನಿಸಿತು ಅವನಿಗೆ. ಬಂದ ಹಾಗೆಯೇ ಸದ್ದಿಲ್ಲದೆ ಹೋಗಿಬಿಡೋಣ ಎಂದು ಕಾರನ್ನು ಹಿಂದಕ್ಕೆ ತೆಗೆದ. ಅದು "ಟೂಂಯ್… ಟೂಂಯ್… ಟೂಂಯ್…" ಎಂದು ಓಣಿ ತುಂಬ ಕೂಗಿತು.

"ಅಯ್ಯೋ, ಇದ್ಯಾಕ ಒದರಾಕತ್ತು?"

"ಹಿಂದ ಸರಿದ್ರ ಒದರ್ತೈತ್ರಿ ಸಾವ್ಕಾರ್ರ. ಹಿಂದ ಇದ್ದವರಿಗೆ ಗೊತ್ತಾಗ್ಲಿ ಅಂತ ಮಾಡ್ಯಾರ."

ನಗು ನಿಂತಿತು. ಕತ್ತರಿಸಿದ ಹಾಗೆ ನಿಂತಿತು. ಕಿಟಕಿಯಲ್ಲಿ ಸೊಸೆಯ ಮುಖ ಕಂಡಿತು, ಮರೆಯಾಯಿತು. ಅವಳು ಸೆರಗು ತಲೆಗೆಳೆದುಕೊಳ್ಳುತ್ತ ಬಾಗಿಲಿಗೆ ಬಂದಳು. "ಮಾವಾರ… ಯಾವಾಗ ಬಂದ್ರಿ? ಸಪ್ಪಳs ಆಗಲಿಲ್ಲಲ್ರಿ." ಹಿಂದೆ ಮಕ್ಕಳಿಬ್ಬರು ಬಾಗಿಲ ಪಟ್ಟಿಗೆ ಆತುಕೊಂಡು ನಿಂತರು, ಕಣ್ಣು ಪಿಳುಕಿಸದೆ.

ಸಾಹುಕಾರ ಇಳಿದು ಹೋದ. ಏನು ಹೇಳಬೇಕು? ಅವನಿಗೆ ಗೊತ್ತಿದ್ದ ಮಾತು ಎಷ್ಟು? ತೂಕ ಹಚ್ಚು, ಚೀಲ ಇಳಿಸು, ಬಾಗಿಲು ತೆಗಿ. ಅಷ್ಟೇ. ಆದರೂ ಹೇಳಿದ: "ನಗ್ರಿ. ಯಾಕ ನಿಲ್ಲಿಸಿದ್ರಿ? ನಗ್ರಿ, ನಾ ಏನೂ ಅನ್ನಂಗಿಲ್ಲ."

ಯಾರೂ ನಗಲಿಲ್ಲ.

"ನಗ್ರಿ ಅಂದ್ನಲ್ಲ!"

ಹಮಾಲರಿಗೆ ಹೇಳುವ ದನಿಯಲ್ಲೇ ಬಂದುಬಿಟ್ಟಿತು ಆ ಮಾತು. ಬೇರೆ ದನಿ ಅವನ ಹತ್ತಿರ ಇರಲಿಲ್ಲ. ಮೊಮ್ಮಗ ತುಟಿ ಸೊಟ್ಟ ಮಾಡಿ ಅಳತೊಡಗಿದ. ಅಕ್ಕ ಅವನ ಬಾಯಿ ಮುಚ್ಚಿ, "ಆಟಾ ಆಡ್ತಿದ್ವಿ ಅಷ್ಟ ಅಜ್ಜಾ. ಇನ್ನ ಆಡಂಗಿಲ್ಲ" ಎಂದಳು.

ಇನ್ನು ಆಡುವುದಿಲ್ಲವಂತೆ! ಮನೆಯಲ್ಲಿ ಉಳಿದಿದ್ದ ಅವಳ ನಗು ಅದೊಂದೇ ಆಗಿತ್ತು. ಅದನ್ನೂ ಅವನು ಹೋಗಿ ಮುಟ್ಟಿ ಕೆಡಿಸಿದ.

ಇಬ್ಬರೂ ಮರಳಿ ಶೋರೂಮಿಗೆ ಬಂದರು. ಇಳಿಯುವಾಗ ಆ ಹೆಣ್ಣುಮಗಳು ಅಂಜುತ್ತಲೇ ಕೇಳಿದಳು: "ಗಾಡಿ ಹೆಂಗನಿಸ್ತ್ರಿ ಸಾವ್ಕಾರ್ರ?"

"ಗಾಡಿ ಚಲೋ ಐತವಾ. ಆಕಿ ಇದ್ದಾಗ ಬರಬೇಕಾಗಿತ್ತು."

ಕಾರು ಕೊಂಡನೋ ಇಲ್ಲವೋ ಎಂದು ನೀವು ಕೇಳಬಹುದು. ಕೊಂಡರೇನು, ಬಿಟ್ಟರೇನು? ಕೊಂಡಿದ್ದರೆ ಕಿಟಕಿಯ ಕೆಳಗೆ ಕಳ್ಳನ ಹಾಗೆ ಕೂತು ತನ್ನ ಮನೆಯ ನಗುವನ್ನೇ ಕದ್ದು ಕೇಳುತ್ತಿದ್ದ. ಅವರ ನಡುವೆ ಕೂರುವ ಪುಣ್ಯ ಕಾರಿನಿಂದ ಬರುತ್ತದೆಯೇ?

ಅವನು ಮಾಡಿದ್ದು ಇಷ್ಟು. ಅಂದಿನಿಂದ ಸಂಜೆ ನಡೆದುಕೊಂಡು ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಹೊರಗೆ ನೆಲದ ಮೇಲೆ ಕೂರತೊಡಗಿದ. ಮೊದಲ ದಿನ ಸೊಸೆ ಗಾಬರಿಯಾಗಿ ಚಾಪೆ ತಂದಳು. ಅವನು ಬೇಡ ಎಂದ. ಬಹಳ ದಿನ ಸುಮ್ಮನೆ ಕೂತು, ಕಡೆಗೊಂದು ದಿನ ನೆಲ ನೋಡುತ್ತ ಕೇಳಿದ: "ಆಕಿ ಆ ಜೀಪಿನ ಆಟ ಹೆಂಗ ಆಡಸ್ತಿದ್ಲು? ಒಮ್ಮೆ ಮಾಡಿ ತೋರಸವಾ."

"ಬ್ಯಾಡ್ರಿ ಮಾವಾರ."

"ನಾ ಸಿಟ್ಟಾಗಂಗಿಲ್ಲ."

"ಗೊತ್ತೈತ್ರಿ. ಆದ್ರ ಬರವಲ್ದು."

ಅವಳು ಸುಳ್ಳು ಹೇಳಲಿಲ್ಲ. ಅಷ್ಟು ವರ್ಷ ಹೆದರಿದ ಗಂಟಲು, ಹೆದರಬೇಡ ಎಂದ ಕೂಡಲೇ ತೆರೆಯುತ್ತದೆಯೇ? ಅವನು ಇನ್ನೂ ಅಲ್ಲಿ ಕೂರುತ್ತಾನೆ. ಅವಳಿಗೆ ಇನ್ನೂ ಬಂದಿಲ್ಲ.

ಈಗ ನಿಮ್ಮ ಕಡೆ ತಿರುಗುತ್ತೇನೆ. ಆ ಹಿಂದಿನ ಸಾಲಿನ ಯಜಮಾನರೇ, ನೀವು ಹೊರಗೆ ನೋಡಬೇಡಿ, ನಿಮಗೇ ಹೇಳುತ್ತಿರುವುದು. ನೀವು ಒಳಗೆ ಬಂದಾಗ ನಿಮ್ಮ ಮನೆಯಲ್ಲಿ ಮಾತು ನಿಲ್ಲುತ್ತದೆಯೇ? ಟಿವಿಯ ದನಿ ತಗ್ಗುತ್ತದೆಯೇ? ಮಗ ಎದ್ದು ಬೇರೆ ಕೋಣೆಗೆ ಹೋಗುತ್ತಾನೆಯೇ? ಅದನ್ನು ಭಕ್ತಿ ಎಂದುಕೊಳ್ಳಬೇಡಿ. ಭಕ್ತಿ ಹತ್ತಿರ ಬರುತ್ತದೆ, ದೂರ ಸರಿಯುವುದು ಭಯ. ಗುಡಿಯ ಬಸವಣ್ಣ ಕಲ್ಲಿನವನಾಗಿರಲಿ, ಅಡ್ಡಿಯಿಲ್ಲ. ಮನೆಯ ಮಕ್ಕಳನ್ನು ಕಲ್ಲು ಮಾಡಬೇಡಿ.

ಏನು ಮಾಡಬೇಕು ಅಂದಿರಾ? ಇವತ್ತೇ ಹೋಗಿ "ಯಾಕೆ ಸುಮ್ಮನಾದಿರಿ" ಎಂದು ಗದರಿಸಬೇಡಿ, ಅದೂ ಗುಡುಗೇ. ಅವರು ಕೂತಲ್ಲಿ ಹೋಗಿ ಕೂತುಕೊಳ್ಳಿ. ಅಂಗಡಿಯಲ್ಲಿ ನೀವು ಇವತ್ತು ಏನು ತಪ್ಪು ಮಾಡಿದಿರಿ, ಯಾರ ಮುಂದೆ ಪೆದ್ದರಾದಿರಿ, ಅದನ್ನು ಹೇಳಿ. ನಿಮ್ಮನ್ನು ನೋಡಿ ಅವರು ನಗಲು ಒಂದು ದಾರಿ ಮಾಡಿಕೊಡಿ. ಮೊದಲ ದಿನ ನಗುವುದಿಲ್ಲ. ಹತ್ತನೆಯ ದಿನವೂ ನಗಲಿಕ್ಕಿಲ್ಲ. ಎದ್ದು ಹೋಗಬೇಡಿ. ಹೆಂಡತಿಯ ಅಡುಗೆ ರುಚಿಯಾಗಿದ್ದರೆ ಬಾಯಿಬಿಟ್ಟು ಹೇಳಿ. ಅವಳು ನಿಮ್ಮ ಮಾತಿಗೆ ಎದುರಾಡಿದರೆ ಹುಬ್ಬು ಗಂಟಿಕ್ಕದೆ ಪೂರ್ತಿ ಕೇಳಿ. ಅವಳಿಗೆ ಯಾವುದಕ್ಕೆ ನಗು ಬರುತ್ತದೆ ಎಂಬುದು ನಿಮಗೆ ಗೊತ್ತಿಲ್ಲದಿದ್ದರೆ, ಗೊತ್ತುಮಾಡಿಕೊಳ್ಳದೆ ಮಲಗಬೇಡಿ.

ಏಕೆಂದರೆ ಬಂಧುಗಳೇ, ಶಿವ ಕರೆದ ದಿನ ನಮ್ಮನ್ನು ಕೇಳಿ ಕರೆಯುವುದಿಲ್ಲ. ಎರಡು ದಿನದ ಜ್ವರ ಸಾಕು. ಆಮೇಲೆ ಅವಳ ಗುಣವನ್ನು ಊರವರು ಹೇಳುತ್ತಾರೆ, ಸೊಸೆ ಹೇಳುತ್ತಾಳೆ, ಮಕ್ಕಳು ಹೇಳುತ್ತಾರೆ. ನೀವು ಗಂಡನಾಗಿ ಕೂತು, ಹೊಸಬರ ಹಾಗೆ ಕೇಳಿಸಿಕೊಳ್ಳುತ್ತೀರಿ. ಆ ದಿನ ನಿಮಗೆ ಬಾರದಿರಲಿ. ಏಳಿ, ಮನೆಗೆ ಹೋಗಿ. ಅವರು ಇನ್ನೂ ಇದ್ದಾರೆ.