ಅಳಿಲು ಮುಲಾಮಿನ ಅರ್ಜಿ

ಹಲೋ... ಹಾಂ, ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಫ್ಯಾನಿನ ಸದ್ದು. ಯಾರು ಬೇಕಿತ್ತು ನಿಮಗೆ?

...

ಓ, ಅಳಿಯಂದ್ರು. ನಂಬರು ಬೇರೆ ತೋರಿಸ್ತಿದೆಯಲ್ಲ, ಯಾರದಿದು? ... ಜೆರಾಕ್ಸ್ ಅಂಗಡಿಯವನದಾ? ಬೆಳಿಗ್ಗೆಯಿಂದ ನಾನು ನಿಮ್ಮ ಫೋನು ಎತ್ತಲಿಲ್ಲ ಅಂತ ಅಂಗಡಿಯವನದು ಇಸ್ಕೊಂಡ್ರಾ? ಒಳ್ಳೇ ಬುದ್ಧಿ. ನನ್ನ ಅರ್ಜಿ ತುಂಬೋವಾಗ ಆ ಬುದ್ಧಿ ಎಲ್ಲಿಗೆ ಹೋಗಿತ್ತು?

...

ಫೋನ್ ಇಡೋಣ ಅಂದ್ರೂ ಇಡೋಕಾಗಲ್ಲ, ನಿಮ್ಮ ಪುಣ್ಯ. ಮೇಣ, ಎಣ್ಣೆ ಈಗ ತಾನೇ ಬೆರೆತಿವೆ. ತಣಿಯೋವರೆಗೆ ಒಂದೇ ಸಮನೆ ತಿರುವ್ತಾ ಇರ್ಬೇಕು, ಕೈ ಬಿಟ್ರೆ ರವೆ ರವೆ ಆಗುತ್ತೆ. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸ್ಕೊಂಡಿದೀನಿ. ಅದಕ್ಕೇ ಕೇಳಿಸ್ಕೊಳ್ತಿರೋದು, ಪ್ರೀತಿ ಉಕ್ಕಿ ಅಲ್ಲ.

...

ಹಾಂ, ನೋಟೀಸು ಬಂತು. ಓದಿದೆ. ಬೆಂದ ಗಾಯದ ವಾರ್ಡಿನಲ್ಲಿ ಅಷ್ಟು ವರ್ಷ ಡಾಕ್ಟರುಗಳ ಕೋಳಿ ಕಾಲು ಅಕ್ಷರ ಓದಿದ ನರ್ಸು ನಾನು, ಟೈಪು ಮಾಡಿದ್ದು ಓದೋಕೆ ಬರಲ್ವಾ? ನಮ್ಮ ಟ್ರೇಡ್‌ಮಾರ್ಕ್ ಅರ್ಜಿಗೆ ಆ ಸೂಟ್‌ಕೇಸು ಆಕ್ಷೇಪಣೆ ಹಾಕಿದಾನೆ. ಅಳಿಲು ಮುಲಾಮು ಅನ್ನೋ ಹೆಸರು ಅವನದಂತೆ.

...

ಡೀಲರ್ ಅನ್ಬೇಕಾ? ನೀವು ಅನ್ನಿ, ನಿಮಗೆ ಮರ್ಯಾದಸ್ತರು ಅವರು. ಸೂಟ್‌ಕೇಸು ಹಿಡ್ಕೊಂಡು ನನ್ನ ಬಾಗಿಲಿಗೆ ಬಂದು, ಅಕ್ಕಾ, ನಿಮ್ಮ ಮುಲಾಮು ನಾಲ್ಕು ಅಂಗಡಿಗೆ ಹಾಕ್ತೀನಿ ಅಂತ ಹಲ್ಲು ಕಿರಿದವನು ನನಗೆ ಸೂಟ್‌ಕೇಸೇ.

...

ಅವನ ಮೇಲೆ ನನಗೆ ಸಿಟ್ಟಿಲ್ಲ. ಕಳ್ಳ ಕದಿಯದೆ ಇನ್ನೇನು ಮಾಡ್ತಾನೆ? ಸಿಟ್ಟು ನಿಮ್ಮ ಮೇಲೆ. ನೋಟೀಸಿನ ಹಿಂದೆ ನಮ್ಮ ಅರ್ಜಿಯ ಪ್ರತಿ ಲಗತ್ತಿಸಿದಾನೆ. ಈ ಹೆಸರು ಯಾವಾಗಿನಿಂದ ಬಳಕೆಯಲ್ಲಿದೆ ಅನ್ನೋ ಕಡೆ ನೀವೇನು ಬರೆದಿದೀರಿ? ಹೇಳಿ, ನಿಮ್ಮ ಬಾಯಲ್ಲೇ ಕೇಳೋಣ.

...

ಅಲ್ವಾ? ಇನ್ನೂ ಬಳಸಿಲ್ಲ, ಮುಂದೆ ಬಳಸೋ ಉದ್ದೇಶ ಇದೆ. ಅಳಿಯಂದ್ರೇ, ನೀವು ಈ ಮನೆಗೆ ಬರೋ ಮೊದಲಿಂದ ಈ ಮುಲಾಮು ಇದೆ. ಮದುವೆಯಾದ ಹೊಸದರಲ್ಲಿ ಇಸ್ತ್ರಿ ಪೆಟ್ಟಿಗೆ ಮುಟ್ಟಿ ಅಯ್ಯೋ ಅಂದ್ರಲ್ಲ, ಆಗ ಹಚ್ಚಿದ್ದೇನು? ಉದ್ದೇಶವಾ?

...

ನಗಬೇಡಿ. ನಾನು ನಗಿಸೋಕೆ ಹೇಳಿದ್ದಲ್ಲ.

...

ಹಾಂ, ಲೇಬಲ್ಲು ಅವನದೇ, ಒಪ್ತೀನಿ. ನಾನು ಲೇಬಲ್ ಯಾಕೆ ಮಾಡಿಸ್ಲಿ? ಜನ ಮನೆಯಿಂದ ಡಬ್ಬಿ ತರ್ತಿದ್ರು, ತೊಳೆದು, ಒಣಗಿಸಿ. ನಾನು ತುಂಬಿ ಕೊಡ್ತಿದ್ದೆ. ಪೌಡರ್ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಒಬ್ಬಳು ಗಂಡನ ಶೇವಿಂಗ್ ಸೋಪಿನ ಬಟ್ಟಲೇ ತಂದಿದ್ಲು. ಯಾವುದಕ್ಕೆ ಅಂಟಿಸ್ಲಿ? ಬಿಲ್ಲು ಕೇಳಿದವರು ಒಬ್ಬರಿಲ್ಲ. ಅಂಗಡಿಗೆ ಇಡೋಕೆ ಬೇಕು ಅಂತ ಅವನು ಅಳಿಲಿನ ಚಿತ್ರ ಹಾಕಿಸಿ ಮುದ್ರಿಸ್ದ. ಬಿಲ್ಲೂ ಅವನೇ ಹರೀತಿದ್ದ. ಈಗ ಆ ಹೆಸರಿರೋ ಕಾಗದ ಎಲ್ಲಾ ಅವನ ಹತ್ರ. ನನ್ನ ಹತ್ರ ಇರೋದು ಈ ಪಾತ್ರೆ, ಈ ಸೌಟು.

...

ಹೆಸರು ನಾನಿಟ್ಟಿದ್ದೂ ಅಲ್ಲ, ಅವನಿಟ್ಟಿದ್ದೂ ಅಲ್ಲ. ವಾರ್ಡಿನ ಮಕ್ಕಳು ಇಟ್ಟಿದ್ದು. ಮೂರು ಬೆರಳಲ್ಲಿ ಸವರಿದ್ರೆ ಮೂರು ಗೆರೆ ಬೀಳುತ್ತಲ್ಲ. ಒಬ್ಬ ಹುಡುಗ, ಬಿಸಿನೀರು ಬೆನ್ನ ಮೇಲೆ ಬಿದ್ದವನು, ಸಿಸ್ಟರ್, ನಾನೀಗ ಅಳಿಲಾ ಅಂತ ಕೇಳ್ದ. ಆಮೇಲೆ ಇಡೀ ವಾರ್ಡು, ಸಿಸ್ಟರ್ ಅಳಿಲು ಹಚ್ಚಿ, ಅಳಿಲು ಹಚ್ಚಿ ಅಂತ. ಅಷ್ಟು ನೋವಿನಲ್ಲೂ. ಆ ಹೆಸರನ್ನ ಆ ಸೂಟ್‌ಕೇಸಿನ ಬಾಯಲ್ಲಿ ಕೇಳಿದ್ರೆ ಹೊಟ್ಟೆ ಉರಿಯುತ್ತೆ ನನಗೆ.

...

ಏನು? ಇನ್ನೊಂದ್ಸಲ ಹೇಳಿ. ... ನೀವು ಅವನನ್ನ ನೋಡಿ ಬಂದ್ರಾ? ಯಾವಾಗ? ... ಅವನ ಅಂಗಡಿಗೆ ಹೋಗಿ? ಕೂತು? ಕುಡಿಯೋಕೆ ಏನಾದ್ರೂ ಕೊಟ್ಟನಾ, ಇಲ್ಲ ಬರೀ ಕಿವಿಗೆ ಹೂವಿಟ್ಟು ಕಳಿಸಿದ್ನಾ?

...

ಹಾಂ... ಹಾಂ... ರಾಜಿ. ಹೆಸರು ಅವನಿಗೆ, ತಿರುವೋ ಕೆಲಸ ನಮಗೆ. ಮತ್ತೆ? ... ಏನು ಸೇರಿಸ್ಬೇಕಂತೆ? ... ಮೆಂಥಾಲಾ?

...

ಸುಟ್ಟ ಚರ್ಮಕ್ಕೆ ಮೆಂಥಾಲ್ ಹಾಕಿದ್ರೆ ಏನಾಗುತ್ತೆ ಗೊತ್ತಾ ನಿಮಗೆ? ಮಗು ಕಿರುಚೋದು ಬೀದಿಗೆ ಕೇಳಿಸುತ್ತೆ. ಹಚ್ಚಿದ ತಾಯಿ, ಏನೂ ಆಗಲ್ಲ ಕಂದಾ, ಇದು ಅಳಿಲು ಅಂತ ಹೇಳಿ ಹಚ್ಚಿರ್ತಾಳೆ. ಜನ ಡಬ್ಬಿಯ ಒಳಗೆ ನೋಡಲ್ಲ, ಹೆಸರು ನೋಡಿ ತಗೋತಾರೆ. ಅದಕ್ಕೇ ನನಗೆ ಹೆಸರು ಬೇಕು. ಗೋಡೆಗೆ ತೂಗುಹಾಕೋಕಲ್ಲ.

...

ಇಲ್ಲ, ನಾನು ಕೂಗ್ತಿಲ್ಲ. ಇದು ನನ್ನ ಮಾಮೂಲಿ ದನಿ. ನಿಮ್ಮ ಮಾವನವರೇ ಒಗ್ಗಿಕೊಂಡು ಹೋದ್ರು, ನಿಮಗೇನು ಕಷ್ಟ?

...

ನೀವೇ ಹೇಳಿ ಈಗ. ಆಕ್ಷೇಪಣೆಯಲ್ಲಿ ಅವನೇನು ಬರೆದಿದಾನೆ? ಹದಿನೈದು ವರ್ಷದಿಂದ ನಾನೇ ತಯಾರಿಸಿ ಮಾರುತ್ತಿದ್ದೇನೆ ಅಂತ. ತಯಾರಿಸಿ ಅಂತೆ. ಈ ಸೌಟು ಒಂದು ದಿನ ಮುಟ್ಟಿಲ್ಲ ಅವನು. ನಾವು ಅದಕ್ಕಿಂತ ಹಿಂದಿನಿಂದ ಅಂತ ಬರೆದಿದ್ರೆ ಅವನು ಬಾಲ ಮುದುರಿಕೊಂಡು ಹೋಗ್ತಿದ್ದ. ಒಂದು ಸಾಲು. ಒಂದೇ ಒಂದು ಸಾಲು ಸರಿಯಾಗಿ ಬರೆಯೋಕೆ ಆಗಲಿಲ್ಲ ನಿಮಗೆ, ಅರ್ಜಿ ಬರೆಯೋದೇ ಕಸುಬು ಅಂತ ಬೋರ್ಡು ಹಾಕ್ಕೊಂಡು ಕೂತಿದೀರಿ.

...

ಬೇಕು ಅಂತಲೇ ಬರೆದ್ರಾ?

...

ಬೇಕು ಅಂತಲೇ. ಸರಿ. ಹೇಳಿ, ಕೇಳ್ತೀನಿ. ಇವತ್ತು ಮೇಣ ಬೇರೆ ನಿಧಾನಕ್ಕೆ ತಣೀತಿದೆ.

...

ಹಾಂ... ಲೈಸೆನ್ಸ್ ಬಂದು ಎರಡು ವರ್ಷ, ಅರ್ಜಿ ಹಾಕಿದ್ದೂ ಆಗಲೇ, ಹೌದು. ... ಅದಕ್ಕೆ ಮೊದಲು ಇರಲಿಲ್ಲ, ಹೌದು. ಅಡುಗೆಮನೇಲಿ ಮಾಡ್ತಿದ್ದೆ, ಎಲ್ಲರಿಗೂ ಗೊತ್ತು. ... ಗೊತ್ತಿರೋದು ಬೇರೆ, ಬರೆದು ಕೊಡೋದು ಬೇರೆ ಅಂತೀರಾ?

...

ಅಂದ್ರೆ ಹೆಸರು ನಮ್ಮದು ಅಂತ ಸಾಬೀತು ಮಾಡೋಕೆ ಇಷ್ಟು ವರ್ಷ ಮಾರಿದೀವಿ ಅನ್ನಬೇಕು. ಮಾರಿದೀವಿ ಅಂದ್ರೆ ಲೈಸೆನ್ಸ್ ಇಲ್ಲದೆ ಔಷಧಿ ಮಾಡಿದೀವಿ ಅಂತ ನಾವೇ ಬರೆದು ಕೊಟ್ಟ ಹಾಗೆ. ಅಲ್ವಾ? ... ಅದಕ್ಕೆ ಇನ್ನೂ ಬಳಸಿಲ್ಲ ಅಂತ ಬರೆದ್ರಿ. ... ಮೊದಲೇ ಯಾಕೆ ಹೇಳಲಿಲ್ಲ?

...

ಹೇಳಿದ್ರೆ ನಾನು ಕೇಳ್ತಿದ್ನಾ? ಕೇಳ್ತಿರಲಿಲ್ಲ. ಅದು ಬೇರೆ ಮಾತು.

...

ತಡೀರಿ, ತಡೀರಿ. ಹಾಗಾದ್ರೆ ಆ ಸೂಟ್‌ಕೇಸು? ಹದಿನೈದು ವರ್ಷ ನಾನೇ ತಯಾರಿಸಿದೆ ಅಂತ ಸಹಿ ಹಾಕಿದಾನಲ್ಲ, ಅವನ ಲೈಸೆನ್ಸ್ ಎಲ್ಲಿದೆ? ಇಲ್ಲ ತಾನೇ? ಅಯ್ಯೋ, ತನ್ನ ಹಳ್ಳ ತಾನೇ ತೋಡಿದಾನೆ. ಡ್ರಗ್ ಇನ್ಸ್‌ಪೆಕ್ಟರ್ ಮುಂದೆ ಅವನೂ ನಿಲ್ಲಲಿ, ನಾನೂ ನಿಲ್ತೀನಿ. ಯಾರು ಬೆವರ್ತಾರೆ ನೋಡೋಣ. ನನ್ನದು ಈ ವಯಸ್ಸಲ್ಲಿ ಏನು ಕಿತ್ಕೋತಾರೆ?

...

ನನ್ನದಲ್ಲ ಅಂದ್ರೆ?

...

ಅರ್ಜಿ ಪುಟ್ಟಿ ಹೆಸರಲ್ಲಿದೆಯಾ?

...

ಹಾಂ. ಹೌದು. ನಾನೇ ಹೇಳಿದ್ದೆ, ಅಲ್ವಾ. ಎಲ್ಲಾ ಮಗಳ ಹೆಸರಿಗೆ ಮಾಡಿ ಅಂತ. ಲೈಸೆನ್ಸೂ ಅವಳದೇ, ಫಾರ್ಮಸಿ ಓದಿದವಳು ಅವಳು ಅಂತ.

...

ಇಲ್ಲ, ಇದೀನಿ. ತಿರುವ್ತಾ ಇದೀನಿ.

...

ಅವಳ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್ನೇ ರದ್ದು ಮಾಡ್ತಾರಾ? ... ಮಾಡಬಹುದು ಅಂತೀರಾ, ಮಾಡ್ತಾರೆ ಅಂತೀರಾ? ಸರಿಯಾಗಿ ಹೇಳಿ. ... ಅಂದ್ರೆ ಔಷಧಿ ಅಂಗಡಿಯಲ್ಲಿ ಕೂರೋಕೂ ಆಗಲ್ಲ. ಅವಳು ಅಷ್ಟು ಓದಿದ್ದೆಲ್ಲಾ ಹೋಯ್ತು.

...

ಇಷ್ಟು ದಿನ ನೀವೊಬ್ಬರೇ ಹೊಟ್ಟೆಯಲ್ಲಿ ಇಟ್ಕೊಂಡಿದ್ರಾ ಇದನ್ನ? ... ನಿಮ್ಮನ್ನ ಹೊಗಳ್ತೀನಿ ಅಂತ ಕಾಯಬೇಡಿ. ನಿಮ್ಮ ಮೇಲಿನ ಸಿಟ್ಟು ಹಾಗೇ ಇದೆ, ಅರ್ಧ ಆಗಿದೆ ಅಷ್ಟೇ.

...

ಈಗ ನಾನು ಹೇಳೋದು ಕೇಳಿ. ಅರ್ಜಿ ತಿದ್ದೋಕಾಗುತ್ತಾ? ... ಅಫಿಡವಿಟ್ಟು ಕೊಟ್ರೆ ಕೇಳ್ಕೋತಾರಾ? ... ಕೇಳ್ಕೊಳ್ಳಲಿ, ಬಿಡಲಿ, ಬರ್ಕೊಳ್ಳಿ. ಈ ಮುಲಾಮು ಮಾಡಿದ್ದು ನಾನು. ಮಾರಿದ್ದು ನಾನು. ಹೆಸರು ಬಳಸಿದ್ದು ನಾನು. ಲೈಸೆನ್ಸ್ ಇರಲಿಲ್ಲ, ನನಗೆ ಗೊತ್ತಿತ್ತು. ಲೈಸೆನ್ಸ್ ಬಂದ ದಿನ ಹೆಸರನ್ನ ಮಗಳಿಗೆ ಕೊಟ್ಟೆ. ಅದಕ್ಕೆ ಮುಂಚೆ ಅವಳಿಗೂ ಇದಕ್ಕೂ ಸಂಬಂಧ ಇರಲಿಲ್ಲ. ಹೀಗೆ ಬರೆದ್ರೆ ಹೆಸರೂ ಉಳಿಯುತ್ತೆ, ಅವಳೂ ಉಳೀತಾಳೆ. ಅಲ್ವಾ?

...

ಅಲ್ವಾ ಅಂದೆ. ... ಉಳೀತಾಳೆ ಅಂತ ಹೇಳಿ ಸಾಕು. ನನ್ನ ವಿಷಯ ಆಮೇಲೆ.

...

ಯಾರು ಒಪ್ಪಲ್ಲ? ... ಅವಳು ಅಲ್ಲೇ ಇದಾಳಾ? ಇಷ್ಟೊತ್ತೂ ಪಕ್ಕದಲ್ಲೇ ಇದ್ಲಾ? ಮೊದಲೇ ಹೇಳೋದಲ್ವಾ, ಏನು ಮನುಷ್ಯರಪ್ಪ ನೀವು. ಕೊಡಿ ಫೋನು. ಕೊಡಿ ಅವಳಿಗೆ.

...

ಪುಟ್ಟಿ? ... ಊಟ ಆಯ್ತಾ? ... ದನಿ ಯಾಕೆ ಹಾಗಿದೆ? ಅಳ್ತಿದೀಯಾ? ಬೀದಿ ಅಂಗಡಿಯಲ್ಲಿ ನಿಂತ್ಕೊಂಡು ಅಳಬೇಡ, ಜನ ನೋಡ್ತಾರೆ.

...

ನಿನ್ನ ಗಂಡನನ್ನ ನಾನು ಬೈದಿಲ್ಲ. ವಿಚಾರಿಸ್ದೆ.

...

ನೋಡು, ಅವರು ಬರೆದದ್ದಕ್ಕೆ ನಾನು ಸಹಿ ಹಾಕ್ತೀನಿ. ಆಮೇಲೆ ನಿನ್ನನ್ನ ಯಾರಾದ್ರೂ ಕೇಳಿದ್ರೆ, ಅಮ್ಮ ಏನು ಮಾಡ್ತಿದ್ಲೋ ನನಗೆ ಗೊತ್ತಿರಲಿಲ್ಲ, ನಾನು ಓದ್ಕೊಂಡಿದ್ದೆ ಅನ್ನು. ಮುಗೀತು.

...

ಯಾವ ಡಬ್ಬಿ? ... ನೀನು ತುಂಬ್ತಿದ್ದೆಯಾ?

...

ಇಲ್ಲ. ಸ್ಕೂಲಿಂದ ಬಂದು ನೀನು ಹೋಮ್‌ವರ್ಕ್ ಮಾಡ್ತಿದ್ದೆ. ... ಯೂನಿಫಾರ್ಮಿಗೆ ಮೇಣ ಮೆತ್ಕೊಂಡಿದ್ರೆ ಅದು ಮೇಜಿಂದ ಮೆತ್ಕೊಂಡಿದ್ದು. ... ಸ್ಪೂನಿನ ಹಿಂಭಾಗದಿಂದ ಮಟ್ಟ ಮಾಡ್ತಿದ್ದದ್ದು ನಾನು. ನಾನೇ. ನಿನಗೆ ನೆನಪಿಲ್ಲ, ನೀನು ಸಣ್ಣವಳು.

...

ಅಮ್ಮನ ಜೊತೆ ನಿಲ್ಲೋದು ಅಂದ್ರೆ ಅಮ್ಮನ ಜೊತೆ ಮುಳುಗೋದಾ? ಯಾರು ಹೇಳಿಕೊಟ್ರು ನಿನಗೆ ಇದನ್ನ?

...

ಸುಳ್ಳಾದ್ರೆ ಸುಳ್ಳು. ಆ ಸುಳ್ಳು ನನ್ನದು, ನೀನು ಸುಮ್ನಿದ್ರೆ ಸಾಕು. ಇದೊಂದು ಮಾತು ಕೇಳು ಪುಟ್ಟಿ, ಇನ್ನು ಯಾವತ್ತೂ ಏನೂ ಕೇಳಲ್ಲ.

...

ಅಫಿಡವಿಟ್ಟು ಬರೆದಾಯ್ತಾ? ಏನು ಬರೆದೆ? ಯಾವಾಗ? ... ನಾನು ಮಾತಾಡ್ತಿದ್ದಾಗಲೇ? ... ಓದು. ಓದು ಅಂದೆ.

...

ನಾನೂ ನನ್ನ ತಾಯಿಯೂ... ಅಲ್ಲಿಗೇ ನಿಲ್ಸು. ಪೆನ್ನು ತಗೋ. ಆ ಮೊದಲನೇ ಮಾತು ಹೊಡೆದು ಹಾಕು.

...

ನೀನು ಒಂದು ಡಬ್ಬಿನೂ ತುಂಬಿಲ್ಲ. ಕೇಳಿಸ್ತಾ? ... ತುಂಬಿಲ್ಲ ಅಂದ್ರೆ ತುಂಬಿಲ್ಲ, ನಿನ್ನ ಅಮ್ಮ ಹೇಳ್ತಿದೀನಿ. ಪುಟ್ಟೀ... ಸಹಿ ಹಾಕ್ಬೇಡ... ಹಲೋ... ಹಲೋ, ಸಹಿ ಹಾಕ್ಬಿಟ್ಯಾ...