ಪೆಂಜಾ ಊರಿನ ಹೆಸರಾಂತವರು

ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಗಿರಿಜಾ ಅವರಿಗಾಗಿ ಕಾಯುತ್ತಿದ್ದ ಪರಸಪ್ಪನ ಕಿವಿಗೆ ಹಿಂದಿನ ಸಾಲಿನಿಂದ ತನ್ನೂರ ಕಡೆಯ ಕನ್ನಡ ಬಿತ್ತು. ಭುಜದ ನೋವನ್ನೂ ಮರೆತು ಆಲಿಸಿದ. ಮಾತಾಡುತ್ತಿದ್ದವರು ಒಬ್ಬ ಅಜ್ಜಿ ಮತ್ತು ಹತ್ತು ವರ್ಷದ ಮೊಮ್ಮಗಳು.

"ಏನ್ ಬರೀಲಿಕತ್ತೀ, ಸಾಕ್ಷಿ?"

"ಹೋಮ್‌ವರ್ಕ್, ಅಜ್ಜಿ. ನಾ ಹುಟ್ಟಿದ ಊರಿನ ಫೇಮಸ್ ಪೀಪಲ್."

"ರಷ್ಯಾದಾಗಿನ ಪೆಂಜಾ? ಯಾರ್ ಅದಾರ ಅಲ್ಲಿ?"

"ಒಬ್ರು ನಾಟಕದ ಡೈರೆಕ್ಟರ್. ಅಲ್ಲಿ ಹುಟ್ಟಿದವರು, ಇಲ್ಲಾ ಅಲ್ಲಿ ಇದ್ದವರು ಅಂತ ಟೀಚರ್ ಹೇಳ್ಯಾರ."

"ಇದ್ದವರೂ ನಡೀತದ? ಹಂಗಾರ ನಿಮ್ಮವ್ವನ್ ಹೆಸರು ಬರಿ. ಆರು ವರ್ಷ ಅಲ್ಲೇ ಡಾಕ್ಟರಿಕಿ ಓದ್ಯಾಳ. ನಿನ್ನ ಹಡದ ಇಪ್ಪತ್ತನೇ ದಿನಕ್ಕ ಹಿಮದಾಗ ನಡಕೊಂಡು ಹೋಗಿ ಪರೀಕ್ಷಾ ಬರದಾಳ."

"ಬಟ್ ಮಮ್ಮಿ ಈಸ್ ನಾಟ್ ಫೇಮಸ್!"

"ಹೌದಾ? ಇಲ್ಲಿ ಇಷ್ಟ್ ಮಂದಿ ಯಾರ್ ಸಲುವಾಗಿ ಕುಂತಾರ, ಕೇಳು."

ಹುಡುಗಿ ಮುಂದಕ್ಕೆ ಬಾಗಿ ಪರಸಪ್ಪನ ತೋಳು ತಟ್ಟಿದಳು.

"ಅಂಕಲ್, ನೀವು ಡಾಕ್ಟರ್ ಗಿರಿಜಾ ಅವರಿಗೆ ಕಾಯ್ತಿದ್ದೀರಾ?"

"ಹೂನವ್ವಾ," ಎಂದ ಪರಸಪ್ಪ, ತನ್ನ ಮಗಳನ್ನೇ ಯಾರೋ ಹೊಗಳಿದಂತೆ ಹಿಗ್ಗಿ. "ಅವರ ಕೈಗುಣ ಛಲೋ ಐತಿ. ಅದಕ್ಕ ಅಬುಧಾಬಿಯಿಂದ ಎರಡು ತಾಸು ಬಸ್ಸಿನಾಗ ಬಂದೀನಿ."

ಹುಡುಗಿ ಬರೆದುಕೊಂಡಳು. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು.

"ಬಸ್ಸಿಂದೂ ಬರಿ," ಎನ್ನುತ್ತ ಮೊಮ್ಮಗಳ ಕೈಹಿಡಿದು ಕ್ಯಾಂಟೀನಿನತ್ತ ನಡೆದಳು.